ಏಳನೆಯ ಮರ

ಈಸ್ಟರ್ ವಾರ ಬಂತೆಂದರೆ ಸೇಂಟ್ ಕ್ರೊಯ್ ದ್ವೀಪದ ಅರ್ಧ ಊರು ಸಮುದ್ರದ ದಂಡೆಗೆ ಗುಳೆ ಏಳುತ್ತದೆ. ಮಂಚ, ಒಲೆ, ಫ್ರಿಜ್ಜು, ಅಜ್ಜಿ, ಮಗು, ನಾಯಿ ಎಲ್ಲವೂ ಲಾರಿ ಹತ್ತುತ್ತವೆ. ವಿಮಾನದಲ್ಲಿ ಬರುವ ಹೊರಗಿನವರು ನಮ್ಮ ಮರಳಿನ ಮೇಲೆ ನಾಲ್ಕು ದಿನ ಅಂಗಾತ ಬೀಳುವುದಕ್ಕೆ ವರ್ಷವಿಡೀ ಯೋಜನೆ ಹಾಕುತ್ತಾರಂತೆ. ಹಾಕಲಿ ಪಾಪ. ಹೆಂಡ್ರಿಕ್ಸ್ ಮನೆತನದ ಇಪ್ಪತ್ತಮೂರು ಜನರನ್ನು ಹೆನ್ರಿಯೆಟಾ ಕೊಲ್ಲಿಯಲ್ಲಿ ಹತ್ತು ದಿನ ಮಲಗಿಸಿ, ಉಣ್ಣಿಸಿ, ಒಬ್ಬರ ಜುಟ್ಟು ಇನ್ನೊಬ್ಬರು ಹಿಡಿಯದಂತೆ ನೋಡಿಕೊಂಡು ವಾಪಸ್ಸು ಕರೆತರಲು ಒಟಿಲಿ ಹೆಂಡ್ರಿಕ್ಸ್ ಹಾಕುತ್ತಿದ್ದ ಯೋಜನೆಯ ಮುಂದೆ ಅವರದ್ದು ಏನೂ ಅಲ್ಲ.

ಒಟಿಲಿಗೆ ಎಪ್ಪತ್ತೊಂದು. ಮದುವೆಯಾಗಲಿಲ್ಲ. ಮೂವತ್ತನಾಲ್ಕು ವರ್ಷ ಶಾಲೆಯ ಅಡುಗೆಮನೆಯಲ್ಲಿ ಮುನ್ನೂರು ಮಕ್ಕಳಿಗೆ ಬೇಯಿಸಿ ಹಾಕಿದವಳು. ಅವಳು ಒಮ್ಮೆ ದನಿ ಎತ್ತಿದರೆ ಊಟದ ಕೋಣೆಯ ಮುನ್ನೂರು ಚಮಚಗಳು ಸುಮ್ಮನಾಗುತ್ತಿದ್ದವು. ನಿವೃತ್ತಿಯ ನಂತರ ಆ ದನಿಗೆ ಉಳಿದದ್ದು ಮನೆಯವರು ಮಾತ್ರ. ಅಣ್ಣ ತಮ್ಮಂದಿರ ಮಕ್ಕಳಿಗೂ ಅವರ ಮಕ್ಕಳಿಗೂ ಅವಳು 'ತಾಂತಿ', ಅಂದರೆ ಅತ್ತೆ. ಬೀದಿಯವರಿಗೆ ಮಿಸ್ ಒಟಿಲಿ.

ಜನವರಿಯ ಮೂರು ರಾಜರ ಹಬ್ಬ ಮುಗಿದ ಮರುದಿನವೇ ಅವಳ ಈಸ್ಟರ್ ಶುರುವಾಗುತ್ತಿತ್ತು. ಯಾರ ಲಾರಿ, ಯಾರ ಜನರೇಟರು, ಯಾರ ಮಂಚದ ಪಕ್ಕ ಯಾರ ಮಂಚ. ಇಬ್ಬರು ಓರಗಿತ್ತಿಯರ ನಡುವೆ ಅವಳು ಒಂಬತ್ತು ವರ್ಷದಿಂದ ತನ್ನ ಮಂಚವನ್ನೇ ಹಾಕಿಕೊಂಡು ಮಲಗುತ್ತಿದ್ದಳು, ಅಲ್ಲಿ ಗೋಡೆ ಕಟ್ಟಲು ಬರುವುದಿಲ್ಲವೆಂದು. ಇದೆಲ್ಲ ಒಂದು ನೀಲಿ ರಟ್ಟಿನ ಪುಸ್ತಕದಲ್ಲಿ ಬರೆದಿರುತ್ತಿತ್ತು. ಆ ಪುಸ್ತಕ ಯಾರ ಕೈಯಲ್ಲಿರುತ್ತದೋ ಮನೆತನ ಅವರ ಮಾತು ಕೇಳುತ್ತದೆ. ಅವಳ ಅಪ್ಪನ ಕೈಯಿಂದ ಅವಳಿಗೆ ಬಂದದ್ದು ಅದೊಂದೇ ಆಸ್ತಿ.

ಪುಸ್ತಕದ ಜೊತೆಗೆ ಇನ್ನೊಂದು ಕೆಲಸವೂ ಬಂದಿತ್ತು, ಕೆಂಪು ಬಣ್ಣದ ಡಬ್ಬಿ.

ಹೆನ್ರಿಯೆಟಾ ಕೊಲ್ಲಿಯ ದಂಡೆಯಲ್ಲಿ ಮಂಚನೀಲು ಮರಗಳಿವೆ. ನೋಡಲು ಸಾಧು ಮರ, ಒಳ್ಳೆಯ ನೆರಳು. ಪುಟ್ಟ ಹಸಿರು ಸೇಬಿನಂಥ ಹಣ್ಣು, ವಾಸನೆಯೂ ಸಿಹಿ, ಮೊದಲ ತುತ್ತೂ ಸಿಹಿಯಂತೆ. ಆಮೇಲೆ ಗಂಟಲು ಮುಚ್ಚಿಕೊಳ್ಳುತ್ತದೆ. ಎಲೆ ಮುರಿದರೆ ಬರುವ ಹಾಲು ಚರ್ಮದ ಮೇಲೆ ಬಿದ್ದರೆ ಬೊಕ್ಕೆ, ಕಣ್ಣಿಗೆ ಬಿದ್ದರೆ ಕಣ್ಣು ಹೋಗುತ್ತದೆ. ಮಳೆ ಬಂದಾಗ ಅದರ ಕೆಳಗೆ ನಿಲ್ಲಲೇಬಾರದು, ಎಲೆಯಿಂದ ತೊಟ್ಟಿಕ್ಕುವ ನೀರೂ ಸುಡುತ್ತದೆ. ಕಡಿಯುವುದೂ ಕಷ್ಟ, ಸುಡುವುದಂತೂ ಆಗದ ಮಾತು, ಹೊಗೆಯೇ ಕಣ್ಣು ಕಿತ್ತುಕೊಳ್ಳುತ್ತದೆ. ಹಾಗಾಗಿ ನಮ್ಮವರು ಅದರ ಕಾಂಡಕ್ಕೆ ಎದೆಯ ಎತ್ತರದಲ್ಲಿ ಕೆಂಪು ಬಳೆ ಬರೆದು ಅದರ ಪಾಡಿಗೆ ಅದನ್ನು ಬಿಟ್ಟಿದ್ದಾರೆ. ಈಸ್ಟರಿಗೆ ಒಂದು ವಾರ ಮುಂಚಿನ ಗರಿಗಳ ಭಾನುವಾರದ ಹಿಂದಿನ ದಿನ ಒಟಿಲಿಯ ಅಪ್ಪ ಉದ್ದ ಕೋಲಿನ ತುದಿಗೆ ಬ್ರಷ್ಷು ಕಟ್ಟಿ, ಮರ ಮುಟ್ಟದೆ ದೂರ ನಿಂತು ಬಳೆ ಬರೆಯುತ್ತಿದ್ದ. ಏಳು ಮರ. ಅವನ ನಂತರ ನಲವತ್ತೆರಡು ವರ್ಷ ಒಟಿಲಿ ಅದೇ ಕೋಲು ಹಿಡಿದು ಅದೇ ಏಳು ಮರಕ್ಕೆ ಬರೆದಳು. ಮನೆಯವರೆಲ್ಲ ಬಳೆ ನೋಡಿಯೇ ಬೆಳೆದರು. ಎಲೆ ಹೇಗಿರುತ್ತದೆ ಎಂದು ಕೇಳಿದರೆ ಅವರಲ್ಲಿ ಅರ್ಧ ಜನ ತಲೆ ಕೆರೆದುಕೊಳ್ಳುತ್ತಿದ್ದರು. ಬಳೆ ಇದ್ದರೆ ದೂರ, ಇಲ್ಲದಿದ್ದರೆ ನಿರ್ಭಯ. ಅಷ್ಟೇ ಅವರ ವಿದ್ಯೆ.

ಹೋದ ಆಗಸ್ಟಿನಲ್ಲಿ ಒಟಿಲಿ ಒಬ್ಬಳೇ ಪೇಟೆಗೆ ಹೋಗಿ ಕಣ್ಣಿನ ಡಾಕ್ಟರಿಗೆ ತೋರಿಸಿಕೊಂಡು ಬಂದಿದ್ದಳು. ಡಾಕ್ಟರು ಚಿಕ್ಕ ಹುಡುಗಿ. ಕಣ್ಣಿನ ನಡುಭಾಗ ಸವೆಯುತ್ತಿದೆ, ಅಂಚು ಉಳಿಯುತ್ತದೆ, ಪೂರ್ತಿ ಕತ್ತಲೆಯೇನೂ ಆಗುವುದಿಲ್ಲ ಎಂದು ಸಮಾಧಾನ ಹೇಳಿದ್ದಳು. ಅದರ ಅರ್ಥ ಒಟಿಲಿಗೆ ಮನೆಗೆ ಬಂದ ಮೇಲೆ ಆಯಿತು. ಏನನ್ನು ನೋಡಬೇಕೋ ಅದೇ ಮಾಯ. ಚಮಚ ನೋಡಬೇಕೆಂದರೆ ತಟ್ಟೆಯ ಕಡೆ ನೋಡಬೇಕು, ಮುಖ ನೋಡಬೇಕೆಂದರೆ ಕಿವಿಯ ಪಕ್ಕದ ಗೋಡೆ ನೋಡಬೇಕು. ಕೆಂಪು ಯಾವುದು ಕಂದು ಯಾವುದು ಎಂಬುದೂ ಹೊತ್ತಿಗೊಂದು ಥರ ಆಗತೊಡಗಿತ್ತು.

ಅವಳು ಯಾರಿಗೂ ಹೇಳಲಿಲ್ಲ. ನೀಲಿ ಪುಸ್ತಕ ಅವಳಿಗೆ ಬಾಯಿಪಾಠವಿತ್ತು, ಪುಟ ತಿರುವುತ್ತ ಓದಿದಂತೆ ಹೇಳುತ್ತಿದ್ದಳು. ಎದುರು ಬಂದವರು ಮೊದಲು ಮಾತಾಡುವವರೆಗೆ ಕೆಮ್ಮಿದಂತೆ ಮಾಡುತ್ತಿದ್ದಳು. ಮುದುಕಿಗೆ ಸೊಕ್ಕು ಹೆಚ್ಚಾಗಿದೆ ಎಂದು ಒಂದಿಬ್ಬರು ಅಂದುಕೊಂಡರು. ಅವಳಿಗೆ ಅದೇ ಅನುಕೂಲವಾಯಿತು.

ಆದರೆ ಕ್ರಿಸ್‌ಮಸ್ಸಿಗೆ ಸಿಹಿ ಬ್ರೆಡ್ಡಿಗೆ ಸಕ್ಕರೆಯ ಬದಲು ಉಪ್ಪು ಸುರಿದುಬಿಟ್ಟಳು. ಎಲ್ಲರೂ ನಕ್ಕರು, ಅಣ್ಣನ ಮಗಳು ವರ್ಲೀನ್ ನಗಲಿಲ್ಲ. ನಲವತ್ತು ದಾಟಿದ ವರ್ಲೀನ್ ದೊಡ್ಡ ಹೋಟೆಲಿನ ಮುಂದಿನ ಕೌಂಟರಿನಲ್ಲಿ ಕೂತು ಹೊರಗಿನವರ ರಜೆಗಳನ್ನು ಗೊತ್ತುಮಾಡಿಕೊಡುವವಳು. ಬುದ್ಧಿವಂತೆ, ಕೆಲಸದಲ್ಲಿ ಚುರುಕು. ಮಾತು ಮಾತ್ರ ಚೂರಿ.

"ತಾಂತಿ, ಇನ್ನು ಸಾಕು ಮಾಡು. ಮುಂದಿನ ವರ್ಷ ನಮ್ಮ ಹೋಟೆಲಲ್ಲೇ ಎಂಟು ರೂಮು ತಗೊಳ್ಳೋಣ. ಯಾರೋ ಬೇಯಿಸ್ತಾರೆ, ಯಾರೋ ಗುಡಿಸ್ತಾರೆ. ನೀನೂ ಕುರ್ಚಿ ಹಾಕ್ಕೊಂಡು ಕೂತ್ಕೋ, ಮಹಾರಾಣಿ ಹಂಗೆ."

"ಮಹಾರಾಣಿ ಆಗೋಕೆ ನಂಗೆ ಸೊಂಟ ಇಲ್ಲ ಕಣೇ," ಎಂದಳು ಒಟಿಲಿ.

"ಈ ಸಲ ಒಂದೇ ಒಂದು ಎಡವಟ್ಟಾಗ್ಲಿ, ಆ ನೀಲಿ ಪುಸ್ತಕ ನನ್ನ ಕೈಗೆ ಬರಬೇಕು. ಎಲ್ಲರ ಮುಂದೇನೇ ಹೇಳ್ತಿದೀನಿ."

ಒಟಿಲಿ ಒಪ್ಪಿದಳು. ಒಪ್ಪದಿದ್ದರೆ ಅನುಮಾನ ಬರುತ್ತಿತ್ತು. ಪುಸ್ತಕ ಹೋದರೆ ತಾನು ಆ ಮನೆಯಲ್ಲಿ ಮೂಲೆಯ ಕುರ್ಚಿ, ಅಷ್ಟೇ ಎಂದು ಅವಳು ನಂಬಿದ್ದಳು. ಆ ನಂಬಿಕೆ ಸುಳ್ಳಿರಬಹುದು, ಆದರೆ ಅವಳು ಆಮೇಲೆ ಮಾಡಿದ್ದೆಲ್ಲ ಅದರಿಂದಲೇ ಮಾಡಿದ್ದು.

ಬಣ್ಣ ಬಳಿಯುವ ಶನಿವಾರ ಅವಳನ್ನು ಕೊಲ್ಲಿಗೆ ಕರೆದೊಯ್ದವನು ಚಿಕ್ಕಪ್ಪನ ಮಗ ಅಲ್ಫಾನ್ಸ್. ಮೀನುಗಾರ, ಈಗ ಮಂಡಿ ಕೈಕೊಟ್ಟಿದೆ, ನಾಲಿಗೆ ಇನ್ನೂ ಕೊಟ್ಟಿಲ್ಲ. ಅವನು ಪಿಕಪ್ಪಿನಿಂದ ಇಳಿಯಲಿಲ್ಲ. ಕಿಟಕಿಯಿಂದ ಕಾಲು ಹೊರಗೆ ಚಾಚಿ ಕೂತ.

"ಹೋಗು ಹೋಗು. ಎಲ್ಲಾ ಮರಕ್ಕೂ ಲಿಪ್‌ಸ್ಟಿಕ್ ಹಚ್ಚಿ ಬಾ. ನಿನ್ನನ್ನಂತೂ ಯಾರೂ ಕಟ್ಕೊಳ್ಲಿಲ್ಲ, ಅವಕ್ಕಾದ್ರೂ ಗಂಡು ಸಿಗ್ಲಿ."

ಒಟಿಲಿ ಕೋಲು, ಡಬ್ಬಿ ಹಿಡಿದು ಹೊರಟಳು. ಕರಿಬಂಡೆಯ ಹತ್ತಿರ ಎರಡು, ಉಪ್ಪುಕೊಳದ ಬಾಯಲ್ಲಿ ಒಂದು, ಹಳೆಯ ಗಿರಣಿ ಗೋಡೆಯ ಬಳಿ ಒಂದು, ಆಮೇಲೆ ಸಾಲಾಗಿ ಮೂರು. ಹೆಜ್ಜೆಗಳು ಕಾಲಿಗೆ ಗೊತ್ತಿದ್ದವು. ಆದರೆ ಎರಡು ವರ್ಷದ ಹಿಂದಿನ ಬಿರುಗಾಳಿಯಲ್ಲಿ ದಂಡೆಯ ಮರಳೇ ಜಾಗ ಬದಲಿಸಿತ್ತು. ಹೊಸ ಪೊದೆ, ಹೊಸ ಗಿಡ. ಹಳೆಯ ಬಳೆಗಳನ್ನು ಉಪ್ಪುಗಾಳಿ ತಿಂದಿತ್ತು. ಅವಳು ಪ್ರತಿ ಮರದ ಮುಂದೆಯೂ ಮುಖ ಪಕ್ಕಕ್ಕೆ ತಿರುಗಿಸಿ, ಕಣ್ಣಿನ ಅಂಚಿನಲ್ಲಿ ಕಾಂಡವನ್ನು ಹಿಡಿದು, ಕೋಲು ಚಾಚಿ ಬಳಿದಳು. ಮುಟ್ಟಿ ನೋಡಿದ್ದರೆ ತೊಗಟೆ ಹೇಳುತ್ತಿತ್ತೇನೋ. ಮುಟ್ಟಬಾರದೆಂದು ಅಪ್ಪ ಕಲಿಸಿದ್ದ.

ಸಾಲಿನ ಕೊನೆಯ ಮರದ ಹತ್ತಿರ ಅವಳು ತುಸು ಹೊತ್ತು ನಿಂತಳು. ಅದು ಇದ್ದ ಜಾಗಕ್ಕಿಂತ ನಾಲ್ಕು ಹೆಜ್ಜೆ ಆಚೆ ಇದ್ದಂತೆ ಅನಿಸಿತು. ಮರಳು ಸರಿದಿದೆ, ಹೆಜ್ಜೆ ತಪ್ಪಿರಬೇಕು ಎಂದು ಅದಕ್ಕೂ ಬಳೆ ಬರೆದಳು.

"ಎಷ್ಟಾಯ್ತು?" ಅಲ್ಫಾನ್ಸ್ ಕೇಳಿದ.

"ಏಳು."

"ಹೋದ ವರ್ಷವೂ ಏಳೇ ಅಲ್ವಾ? ಸರಿ ಬಿಡು, ಒಬ್ಬಳೂ ಓಡಿಹೋಗಿಲ್ಲ."

ಲೆಕ್ಕ ಸರಿಬಂದದ್ದರಿಂದ ಅವಳಿಗೂ ಸಮಾಧಾನವಾಯಿತು. ಆದರೂ ಮನೆಗೆ ಬರುವವರೆಗೆ ಎದೆ ಹಗುರಾಗಲಿಲ್ಲ.

ಗುರುವಾರ ಗುಡಾರ ಎದ್ದವು. ಅಡುಗೆ ಗುಡಾರದ ಹಳೆಯ ಜಾಗಕ್ಕೆ ಒಂದು ಬಳೆಯ ಮರ ತೀರಾ ಹತ್ತಿರವಾಗಿಬಿಟ್ಟಿತ್ತು. "ಇದು ಮೊದ್ಲೂ ಇಲ್ಲೇ ಇತ್ತಾ?" ಎಂದು ಯಾರೋ ಗೊಣಗಿದರು. ವರ್ಲೀನ್ ಒಲೆಯನ್ನೂ ನೀರಿನ ಪೀಪಾಯಿಯನ್ನೂ ಇಪ್ಪತ್ತು ಹೆಜ್ಜೆ ಆಚೆ ಹಾಕಿಸಿದಳು. ಅವಳ ಆರು ವರ್ಷದ ಮಗಳು ಜೊಸೆಟ್ ಒಟಿಲಿಯ ಸೆರಗಿನಂತೆ ಹಿಂದೆಯೇ ತಿರುಗುತ್ತಿದ್ದಳು. ಒಟಿಲಿ ಅವಳಿಗೂ ಅದೇ ಪಾಠ ಹೇಳಿದ್ದಳು, ಆ ಮಗು ಗಿಣಿಯಂತೆ ಒಪ್ಪಿಸಿತು.

"ಬಳೆ ಇದ್ರೆ ಹೋಗಬಾರ್ದು. ಮಳೆ ಬಂದ್ರೆ ಇನ್ನೂ ಹೋಗಬಾರ್ದು. ಶುಕ್ರವಾರ ಸಮುದ್ರ ಮುಟ್ಟಬಾರ್ದು, ಮುಟ್ಟಿದ್ರೆ ಮೀನಾಗ್ತೀವಿ."

"ಜಾಣೆ," ಎಂದಳು ಒಟಿಲಿ.

ಶುಭ ಶುಕ್ರವಾರ ನಮ್ಮಲ್ಲಿ ಯಾರೂ ಸಮುದ್ರಕ್ಕೆ ಇಳಿಯುವುದಿಲ್ಲ. ನಂಬುವವರೂ ಇಳಿಯುವುದಿಲ್ಲ, ನಗುವವರೂ ಇಳಿಯುವುದಿಲ್ಲ. ಮೊಳೆ ಹೊಡೆಯುವುದಿಲ್ಲ, ಕತ್ತಿ ಹಿಡಿಯುವುದಿಲ್ಲ. ಹೆಂಡ್ರಿಕ್ಸ್ ಮನೆಯಲ್ಲಿ ಈ ಕಟ್ಟಳೆ ಕಾಯುವವಳು ಒಟಿಲಿ. ಒಂದು ವರ್ಷ ಅಲ್ಫಾನ್ಸ್ ಕಾಲು ತೊಳೆಯಲೆಂದು ಅಲೆಯ ಹತ್ತಿರ ಹೋದಾಗ ಅವನನ್ನು ಎರಡು ದಿನ ಊಟಕ್ಕೆ ಬೇರೆ ಕೂರಿಸಿದ್ದಳು. ಶುಭ ಶುಕ್ರವಾರ ಬೆಳಗಾಗುವ ಮುಂಚೆ ಗಾಜಿನ ಲೋಟದ ನೀರಿಗೆ ಮೊಟ್ಟೆಯ ಬಿಳಿ ಒಡೆದು ಬಿಸಿಲಿಗಿಡುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಅದು ನೀರೊಳಗೆ ಏನೋ ಒಂದು ಆಕಾರ ಕಟ್ಟುತ್ತದೆ, ವರ್ಷದ ಭವಿಷ್ಯ ಅದರಲ್ಲಿ ಕಾಣುತ್ತದೆ. ಹಡಗು ಕಂಡರೆ ಪ್ರಯಾಣ, ಚರ್ಚು ಕಂಡರೆ ಮದುವೆ. ಶವಪೆಟ್ಟಿಗೆ ಕಂಡರೆ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಮಧ್ಯಾಹ್ನ ಎಲ್ಲರೂ ಲೋಟದ ಸುತ್ತ ಸೇರಿದರು. ಮೊದಲು ನೋಡಿ ಹೇಳಬೇಕಾದವಳು ಒಟಿಲಿ.

"ಏನ್ ಕಾಣ್ತಿದೆ ತಾಂತಿ?" ಜೊಸೆಟ್ ಕೇಳಿದಳು.

ಒಟಿಲಿಗೆ ಲೋಟವಿದ್ದ ಕಡೆ ಒಂದು ಬೂದು ಬಣ್ಣದ ತೂತು ಕಂಡಿತು, ಅದರ ಸುತ್ತ ಮೇಜಿನ ಅಂಚು. ಲೋಟ ಬಿಟ್ಟು ಆಚೆ ನೋಡಿದರೆ ಸಿಕ್ಕಬಹುದಿತ್ತು, ಆದರೆ ಇಪ್ಪತ್ತು ಜನ ತನ್ನ ಕಣ್ಣನ್ನೇ ನೋಡುತ್ತಿದ್ದಾರೆಂದು ಅವಳಿಗೆ ಗೊತ್ತಿತ್ತು.

"ಹಡಗು," ಎಂದಳು. "ಒಳ್ಳೇ ದೊಡ್ಡ ಹಡಗು."

ಅಲ್ಫಾನ್ಸ್ ಕೂಡ ಕುಶಾಲು ಬಿಟ್ಟು ಲೋಟದೊಳಗೆ ಬಗ್ಗಿ ನೋಡಿದ. ವರ್ಲೀನ್, "ಹಡಗಾ ತಾಂತಿ?" ಎಂದು ಕೇಳಿದಳು. ಆ ದನಿಯಲ್ಲಿ ಚೂರಿ ಇರಲಿಲ್ಲ, ಅದರಿಂದಲೇ ಒಟಿಲಿಗೆ ಹೆದರಿಕೆಯಾಯಿತು.

"ಹಡಗೇ. ಊಟಕ್ಕೆ ಏಳಿ. ಮುದ್ದೆ ಆರಿಹೋಗ್ತದೆ."

ಬೆಂಡೆಕಾಯಿ ಹಾಕಿ ತಿರುವಿದ ಮೆಕ್ಕೆಜೋಳದ ಮುದ್ದೆ, ಹುರಿದ ಮೀನು. ಎಲ್ಲರೂ ತಟ್ಟೆ ಹಿಡಿದು ಮರಳ ಮೇಲೆ ಕೂತರು. ಲೋಟದಲ್ಲಿ ಏನಿತ್ತು ಎಂದು ಒಟಿಲಿ ಯಾರನ್ನೂ ಕೇಳುವಂತಿರಲಿಲ್ಲ. ಗಾಳಿ ನಿಂತುಹೋಗಿತ್ತು. ಈಸ್ಟರ್ ಹೊತ್ತಿಗೆ ನಮ್ಮಲ್ಲಿ ಗಾಳಿ ನಿಲ್ಲುವುದು ಅಪರೂಪ, ನಿಂತರೆ ಪೂರ್ವದ ಗುಡ್ಡದ ಹಿಂದೆ ಮೋಡ ಕೂತಿದೆ ಎಂದೇ ಅರ್ಥ.

ಆಗ ಅಲ್ಫಾನ್ಸ್ ತನ್ನ ತಟ್ಟೆಯೊಳಗಿಂದ ಏನನ್ನೋ ಎತ್ತಿ ಹಿಡಿದ.

"ಏ ಒಟಿಲಿ, ಇಲ್ ನೋಡು. ಬೆಳಿಗ್ಗೆ ಕಾಫೀಲೊಂದು ಬಿತ್ತು, ಈಗ ಮುದ್ದೇಲಿ. ಆ ಬಳೆ ಮರದಿಂದ ಹಾರಿಬಂದ ಹಳದಿ ಹೂವು. ಮಂಚನೀಲಿಗೆ ಯಾವ ಕಾಲದಲ್ಲೇ ಹಳದಿ ಹೂ ಬಿಟ್ಟಿದ್ದು? ಇದು ಹೂವರಸಿ ಕಣೇ. ನಮ್ಮಜ್ಜಿ ಹಿತ್ತಲಲ್ಲಿತ್ತಲ್ಲ, ಅದು. ಪಾಪದ ಮರಕ್ಕೆ ಕಳ್ಳನ ಮುದ್ರೆ ಒತ್ತಿದೀಯಲ್ಲೇ."

"ಎಲ್ಲಿಂದಲೋ ಬಂದಿರ್ತದೆ," ಎಂದಳು ಒಟಿಲಿ.

ಅವನು ಹೂವನ್ನು ಎಸೆದು ಮೀನಿನ ಮುಳ್ಳು ಬಿಡಿಸತೊಡಗಿದ. ಅವನ ಮಟ್ಟಿಗೆ ಮಾತು ಮುಗಿದಿತ್ತು. ಬಳೆ ಒಂದು ಹೆಚ್ಚಾದರೆ ಯಾರಿಗೇನು ನಷ್ಟ. ಏಳು ಬಳೆಯಲ್ಲಿ ಒಂದು ಹೂವರಸಿಗೆ ಹೋಗಿದ್ದರೆ ಒಂದು ಮಂಚನೀಲು ಬಳೆಯಿಲ್ಲದೆ ಬೋಳಾಗಿ ನಿಂತಿದೆ ಎಂಬುದು ಹೊಳೆದದ್ದು ಒಟಿಲಿಯೊಬ್ಬಳಿಗೇ.

ಆಗಲೇ ಬಾಯಿ ಬಿಟ್ಟಿದ್ದರೆ ಮುಗಿದಿತ್ತು. "ಎಲ್ಲರೂ ಏಳಿ, ಒಂದು ಮರ ತಪ್ಪಿದೆ, ಹುಡುಕಿ" ಎಂದಿದ್ದರೆ ಸಾಕಿತ್ತು. ಆದರೆ ಹೇಗೆ ತಪ್ಪಿತು ಎಂದು ವರ್ಲೀನ್ ಕೇಳುತ್ತಿದ್ದಳು. ಒಟಿಲಿ ಲೆಕ್ಕ ಹಾಕಿದಳು. ಮಕ್ಕಳು ಊಟಕ್ಕೆ ಕೂತಿದ್ದಾರೆ. ಮಳೆ ಇನ್ನೂ ಬಂದಿಲ್ಲ. ಅರ್ಧ ಗಂಟೆ ಸಿಕ್ಕರೆ ತಾನೇ ಹುಡುಕಿ ಬಳೆ ಬರೆದು ಬರಬಹುದು, ಯಾರಿಗೂ ಗೊತ್ತಾಗುವುದಿಲ್ಲ. ನಾನು ಅವಳ ಪರ ವಹಿಸಿ ಮಾತಾಡುವುದಿಲ್ಲ. ಆ ಅರ್ಧ ಗಂಟೆ ಅವಳು ಮಕ್ಕಳ ಕೈಯಿಂದ ಕಿತ್ತುಕೊಂಡದ್ದು.

"ಎಲ್ಲಿಗೆ ತಾಂತಿ?" ಎಂದಳು ವರ್ಲೀನ್, ಅವಳು ಎದ್ದದ್ದು ಕಂಡು.

"ಕಾಲು ಜೋಮು ಹಿಡಿದಿದೆ. ಒಂದ್ ಸುತ್ತು ಬರ್ತೀನಿ. ಜೊಸೆಟ್‌ನ ಇಲ್ಲೇ ಇಟ್ಕೋ, ಅತ್ತಿತ್ತ ಬಿಡ್ಬೇಡ."

"ಯಾಕೆ?"

"ಶುಕ್ರವಾರ ಅಲ್ವಾ," ಎಂದುಬಿಟ್ಟಳು.

ಲಾರಿಯ ಹಿಂದೆ ಇಟ್ಟಿದ್ದ ಕೋಲು, ಡಬ್ಬಿ ಎತ್ತಿಕೊಂಡು ಗುಡಾರಗಳ ಬೆನ್ನಿನ ಕಡೆಯಿಂದ ಹೊರಟಳು. ಶುಭ ಶುಕ್ರವಾರ ಕೆಲಸದ ಸಾಮಾನು ಕೈಯಲ್ಲಿ ಹಿಡಿದದ್ದು ಅವಳ ಜನ್ಮದಲ್ಲಿ ಅದೇ ಮೊದಲು. ಕರಿಬಂಡೆಯ ಎರಡು ಮರ. ಮುಖ ತಿರುಗಿಸಿ ಅಂಚಿನಲ್ಲಿ ನೋಡಿದಳು, ಬಳೆ ಇತ್ತು. ಉಪ್ಪುಕೊಳದ ಮರಕ್ಕೂ ಇತ್ತು. ಗಿರಣಿ ಗೋಡೆಯ ಬಳಿ ಹೋಗುವಷ್ಟರಲ್ಲಿ ಬೆಳಕು ಮಂಕಾಯಿತು. ಏಡಿಗಳು ಒಣ ಎಲೆಯ ಮೇಲೆ ಸರಸರ ಓಡುವ ಸದ್ದು. ಅಲ್ಲಿನ ಬಳೆಯೂ ಕಂಡಿತೋ, ಕಂಡಿತೆಂದು ಅಂದುಕೊಂಡಳೋ, ಎರಡು ಸಲ ನೋಡಿದಳು. ಹೊತ್ತು ಹೋಯಿತು.

ಇನ್ನು ಸಾಲಿನ ಮೂರು. ತಪ್ಪಿರುವುದು ಅಲ್ಲಿಯೇ, ಕೊನೆಯದು. ಹೂವರಸಿಗಿಂತ ನಾಲ್ಕು ಹೆಜ್ಜೆ ಈಚೆಗೆ, ಅಡುಗೆ ಗುಡಾರದ ಹಳೆಯ ಜಾಗದ ಹಿಂದೆ. ಅದನ್ನೇ ಮೊದಲು ನೋಡಬೇಕಿತ್ತು. ಗುಡಾರದ ಹತ್ತಿರ ಯಾರಾದರೂ ಕಂಡಾರೆಂದು ಅದನ್ನು ಕೊನೆಗೆ ಇಟ್ಟುಕೊಂಡಿದ್ದಳು.

ಅವಳು ತಿರುಗುವಷ್ಟರಲ್ಲಿ ಮಳೆ ಬಿತ್ತು. ನಮ್ಮ ಮಳೆ ಹನಿಹನಿಯಾಗಿ ಕೇಳಿಕೊಂಡು ಬರುವುದಲ್ಲ, ಕೊಡ ಬೋರಲು ಹಾಕಿದಂತೆ ಬರುತ್ತದೆ, ಹತ್ತು ನಿಮಿಷದಲ್ಲಿ ಹೋಗುತ್ತದೆ. ದೂರದಲ್ಲಿ ಕಿರುಚಾಟ, ನಗು, ತಟ್ಟೆ ಪಾತ್ರೆ ಎತ್ತಿಡುವ ಸದ್ದು. ಮಕ್ಕಳು ಊಟ ಮುಗಿಸಿ ಎದ್ದಾಗಿತ್ತು. ಒಟಿಲಿ ಓಡಿದಳು. ಎಪ್ಪತ್ತೊಂದು ವರ್ಷದ ಕಾಲು ಮರಳಿನಲ್ಲಿ ಹೂಳುತ್ತಿತ್ತು, ಡಬ್ಬಿ ಎಲ್ಲೋ ಬಿತ್ತು, ಕೋಲನ್ನು ಮುಂದೆ ಚಾಚಿ ಪೊದೆಗಳನ್ನು ತಳ್ಳುತ್ತ ಓಡಿದಳು. "ಜೊಸೆಟ್" ಎಂದು ಕೂಗಿದಳು.

"ಇಲ್ಲಿದೀನಿ ತಾಂತಿ."

ದನಿ ಬಂದದ್ದು ಅವಳು ಕೊನೆಗೆ ಇಟ್ಟುಕೊಂಡಿದ್ದ ಆ ಬೋಳು ಮರದ ಕೆಳಗಿಂದ.

"ಅಲ್ಲಿಂದ ಈಚೆ ಬಾ. ಬೇಗ ಬಾ."

"ನಾನು ಸರಿಯಾಗೇ ನಿಂತಿದೀನಿ ತಾಂತಿ. ಗುಡಾರಕ್ಕೆ ಹೋಗೋ ದಾರೀಲಿ ಬಳೆ ಮರ ಇದೆ, ನೀರು ಸುರೀತಿದೆ, ಅದಕ್ಕೇ ಹೋಗ್ಲಿಲ್ಲ. ಈ ಮರಕ್ಕೆ ಬಳೆ ಇಲ್ಲ. ಸುತ್ತ ನೋಡೇ ನಿಂತೆ." ಆಮೇಲೆ ಆ ದನಿ ಸಣ್ಣದಾಯಿತು. "ತಾಂತಿ, ಬೆನ್ನು ಉರೀತಿದೆ. ಕಣ್ಣೂ ಉರೀತಿದೆ."

ಒಟಿಲಿ ಆ ಮರದ ಕೆಳಗೆ ಹೋದಳು. ತಲೆಯ ಮೇಲೆ, ಕತ್ತಿನ ಮೇಲೆ ನೀರು ತೊಟ್ಟಿಕ್ಕಿತು. ಮಗುವನ್ನು ಎತ್ತಿಕೊಂಡಳು. ಬರಿಮೈಯ ಮಗು, ಚಡ್ಡಿಯೊಂದೇ. ಕೈಗೆ ಬೆನ್ನು ಆಗಲೇ ಬಿಸಿಯಾಗಿ ಸಿಕ್ಕಿತು. ಮಗು ಎರಡೂ ಮುಷ್ಟಿಯಿಂದ ಕಣ್ಣು ಉಜ್ಜುತ್ತಿತ್ತು, ಒಟಿಲಿ ಅದರ ಕೈ ಹಿಡಿದು ಕೆಳಗೆ ಎಳೆದಳು.

"ಉಜ್ಜಬೇಡ. ಬಂಗಾರ, ಉಜ್ಜಬೇಡ."

ನೀರಿನ ಪೀಪಾಯಿ ಅಡುಗೆ ಗುಡಾರದ ಹತ್ತಿರ. ಅದು ಈಗ ಎಲ್ಲಿದೆಯೆಂದು ಅವಳ ಕಾಲಿಗೆ ಗೊತ್ತಿಲ್ಲ, ನಿನ್ನೆ ತಾನೇ ಅದನ್ನು ಸರಿಸಿದ್ದರು, ಅವಳು ಬರೆದ ಬಳೆಯ ಕಾರಣಕ್ಕೆ. ಸಮುದ್ರ ಮಾತ್ರ ಎಲ್ಲಿದೆಯೋ ಅಲ್ಲಿಯೇ ಇತ್ತು, ಎಡಕ್ಕೆ, ಮರಳು ಇಳಿಜಾರಾಗುವ ಕಡೆ, ಮೂವತ್ತು ಹೆಜ್ಜೆ. ಒಟಿಲಿ ಎಡಕ್ಕೆ ತಿರುಗಿ ಇಳಿಜಾರು ಹಿಡಿದಳು.

ಗುಡಾರಗಳ ಕಡೆಯಿಂದ ವರ್ಲೀನ್ ಕೂಗುತ್ತ ಬರುತ್ತಿದ್ದಳು, "ಏನಾಯ್ತು? ತಾಂತಿ, ಏನಾಯ್ತು?" ಎಂದು. ಇನ್ನೂ ನಾಲ್ಕಾರು ಜನ ಕೂಗುತ್ತಿದ್ದರು. ಒಟಿಲಿಯ ಪಾದ ಅಲೆಗೆ ತಗುಲಿದ ಕ್ಷಣ ಅಷ್ಟೂ ಕೂಗು ನಿಂತಿತು. ಆ ಮನೆತನದಲ್ಲಿ ಶುಭ ಶುಕ್ರವಾರ ನೀರಿಗಿಳಿದವರನ್ನು ಯಾರೂ ಕಂಡಿರಲಿಲ್ಲ, ಅದರಲ್ಲೂ ಇಳಿಯುತ್ತಿದ್ದವಳು ಅವಳು. ಅವಳು ಮೊಣಕಾಲಿನವರೆಗೆ ಹೋದಳು, ಸೊಂಟದವರೆಗೆ ಹೋದಳು, ಮಗುವನ್ನು ಕತ್ತಿನವರೆಗೆ ಅದ್ದಿದಳು.

"ತಾಂತಿ, ಇವತ್ತು ಶುಕ್ರವಾರ," ಜೊಸೆಟ್ ಅಳುತ್ತ ಹೇಳಿದಳು. "ನಾನು ಮೀನಾಗ್ತೀನಾ?"

"ಆಗಲ್ಲ."

"ನೀನೇ ಹೇಳಿದ್ದಲ್ಲ."

"ಸುಳ್ಳು ಹೇಳಿದ್ದೆ. ಕಣ್ಣು ಬಿಡು. ಉಪ್ಪು ಉರೀತದೆ, ಆದ್ರೂ ಬಿಡು."

ಬೊಗಸೆ ಬೊಗಸೆ ನೀರು ಆ ಕಣ್ಣಿಗೆ ಹೊಯ್ದಳು. ರೆಪ್ಪೆ ಬಿಡಿಸಿ ಹೊಯ್ದಳು, ಮಗು ಚೀರಿದರೂ ಬಿಡಲಿಲ್ಲ. ಬೆನ್ನು, ಭುಜ, ಕೂದಲು ಉಜ್ಜಿ ತೊಳೆದಳು. ತನ್ನ ಕಣ್ಣಿಗೂ ಆ ಹಾಲು ಬಿದ್ದಿತ್ತು, ಕೆಂಡದಂತೆ ಉರಿಯುತ್ತಿತ್ತು, ಅದನ್ನು ತೊಳೆಯಲು ಕೈಗೆ ಬಿಡುವಿರಲಿಲ್ಲ. ಎಷ್ಟು ಹೊತ್ತು ತೊಳೆದಳೋ ತಿಳಿಯದು. ಆಮೇಲೆ ಒಂದು ಕೈ ಎತ್ತಿ ಹಿಡಿದಳು.

"ಎಷ್ಟು ಬೆರಳು?"

ಮಗು ಬಿಕ್ಕಿತು. ಒಟಿಲಿ ಉಸಿರು ಬಿಗಿಹಿಡಿದು ಕಾದಳು. ಈ ಜನ್ಮದಲ್ಲಿ ಅವಳು ಕಾದ ಕಾಯುವಿಕೆಗಳಲ್ಲೆಲ್ಲ ಅದೇ ದೊಡ್ಡದು.

"ಮೂರು," ಎಂದಿತು ಮಗು.

ಮೂರೇ ಎತ್ತಿದ್ದಳು. ಮಗುವನ್ನು ಅವುಚಿಕೊಂಡು ದಡಕ್ಕೆ ಹೋಗಬೇಕೆಂದು ತಿರುಗಿದಳು. ಎದುರಿಗೆ ಬರಿಯ ಬೂದು. ಮಳೆಯ ಸದ್ದು ಎಲ್ಲ ಕಡೆಗೂ ಒಂದೇ ಆಗಿತ್ತು. ಒಂದು ಕಡೆ ಅಲೆ ಒಡೆಯುವ ಸದ್ದು, ಇನ್ನೊಂದು ಕಡೆಯೂ ಅಲೆ ಒಡೆಯುವ ಸದ್ದು. ಒಂದು ದಂಡೆ, ಇನ್ನೊಂದು ಕೊಲ್ಲಿಯ ಬಾಯಲ್ಲಿರುವ ಹವಳದ ಬಂಡೆ, ಅದರಾಚೆ ಆಳ. ಮಗುವನ್ನು ತೊಳೆಯುತ್ತ ಅವಳು ಎಷ್ಟು ಸುತ್ತು ತಿರುಗಿದ್ದಳೋ. ಕಣ್ಣಿನ ಅಂಚು ಕೂಡ ಈಗ ಉರಿಯಲ್ಲಿ ಮುಚ್ಚಿಹೋಗಿತ್ತು. ದಡದಲ್ಲಿ ಯಾರಾದರೂ ಕೂಗಿದ್ದರೆ ದಿಕ್ಕು ಸಿಗುತ್ತಿತ್ತು, ಯಾರೂ ಕೂಗಲಿಲ್ಲ. ಇಪ್ಪತ್ತು ಜನ ಉಸಿರು ಕಟ್ಟಿ ನಿಂತಿದ್ದರು.

ಒಂದು ಹೆಜ್ಜೆ ಇಟ್ಟಳು. ನೀರು ಎದೆಗೆ ಬಂತು. ಹಿಂದಕ್ಕೆ ತೆಗೆದಳು.

"ವರ್ಲೀನ್," ಎಂದು ಕರೆದಳು. "ದಡ ಯಾವ ಕಡೆ ಇದೆ ಹೇಳೇ."

ಆಮೇಲೆ ಯಾರೋ ನೀರಿಗೆ ಕಾಲಿಟ್ಟ ಸದ್ದು, ನೀರು ಸೀಳಿಕೊಂಡು ಬಂದ ಸದ್ದು. ವರ್ಲೀನಳ ಕೈ ಅವಳ ಮುಂಗೈಯನ್ನು ಬಿಗಿಯಾಗಿ ಹಿಡಿಯಿತು. ಇನ್ನೊಂದು ಕೈ ಮಗುವಿನ ಬೆನ್ನು ಮುಟ್ಟಿತು.

"ಎಷ್ಟು ದಿನದಿಂದ?"

"ಆಗಸ್ಟಿಂದ."

"ಲೋಟದಲ್ಲಿ ಹಡಗು ಇರ್ಲಿಲ್ಲ ತಾಂತಿ."

"ಇರ್ಲಿಲ್ಲ ಅಂತ ಗೊತ್ತಾಯ್ತು ಕಣೇ."

ವರ್ಲೀನ್ ಬೈಯುತ್ತಾಳೆಂದು ಒಟಿಲಿ ಕಾದಳು. ಅವಳು ಬೈಯಲಿಲ್ಲ, ಅಳುತ್ತಿದ್ದಳು. ಮಗುವನ್ನು ತನ್ನ ತೋಳಿಗೆ ತೆಗೆದುಕೊಂಡು, "ಒಟ್ಟು ಎಷ್ಟು ಮರ ಇವೆ ಈ ದಂಡೇಲಿ?" ಎಂದು ಕೇಳಿದಳು.

ಏಳು ಎಂದು ಬಾಯಿಗೆ ಬಂದಿತ್ತು. ನಲವತ್ತೆರಡು ವರ್ಷದಿಂದ ಬರುತ್ತಿದ್ದ ಮಾತು. ಆದರೆ ಅದು ಅಪ್ಪನ ಲೆಕ್ಕ, ಅಪ್ಪನ ಕಾಲದ ಮರಗಳ ಲೆಕ್ಕ. ಬಿರುಗಾಳಿ ಮರಳನ್ನೇ ಎತ್ತಿ ಬೇರೆ ಕಡೆ ಹಾಕಿತ್ತು, ಹಣ್ಣುಗಳನ್ನು ಎಲ್ಲೆಲ್ಲಿ ಬಿತ್ತಿತ್ತೋ. ಪೊದೆಗಳ ನಡುವೆ ಅಷ್ಟು ಹೊಸ ಗಿಡಗಳು ಎದ್ದಿದ್ದವು. ಎರಡು ವರ್ಷದಿಂದ ಅವಳು ಅವುಗಳನ್ನು ಕೋಲಿನಿಂದ ತಳ್ಳಿಕೊಂಡು ಹಳೆಯ ಏಳರ ಕಡೆಗೇ ನಡೆದಿದ್ದಳು.

"ಗೊತ್ತಿಲ್ಲ," ಎಂದಳು.

ಆಗ ಜೊಸೆಟ್ ಅಮ್ಮನ ಹೆಗಲಿನ ಮೇಲಿನಿಂದ ದಡದ ಕಡೆ ನೋಡುತ್ತ ಹೇಳಿದಳು, "ಎಲ್ಲಾರೂ ನೆನೀತಿದಾರೆ ಅಮ್ಮ. ಅಲ್ಫಾನ್ಸ್ ಮಾವ ಮರದ ಕೆಳಗೆ ಹೋದ್ರು. ಎಲ್ಲಾರೂ ಮರದ ಕೆಳಗೆ ಹೋಗ್ತಿದಾರೆ."

ಒಟಿಲಿ ಮುಖವನ್ನು ಮಗುವಿನ ದನಿ ಹೋದ ಕಡೆಗೆ ತಿರುಗಿಸಿದಳು. ಶಾಲೆಯ ಊಟದ ಕೋಣೆಯಲ್ಲಿ ಮುನ್ನೂರು ಚಮಚಗಳನ್ನು ಸುಮ್ಮನಾಗಿಸಿದ ದನಿ ಅವಳ ಎದೆಯಲ್ಲಿ ಇನ್ನೂ ಉಳಿದಿತ್ತು.

"ಮರದ ಕೆಳಗಿಂದ ಈಚೆ ಬನ್ನಿ," ಎಂದು ಕೂಗಿದಳು. "ಎಲ್ಲರೂ ಬಯಲಿಗೆ ಬನ್ನಿ, ನೆನೆದ್ರೂ ಪರವಾಗಿಲ್ಲ. ಬಳೆ ನಂಬಬೇಡಿ. ನಂಗೆ ಕಣ್ಣು ಕಾಣಲ್ಲ."

ಅಲ್ಫಾನ್ಸ್ ಮೊದಲು ಈಚೆ ಬಂದ, ಕುಂಟುತ್ತ. ಆಮೇಲೆ ಒಬ್ಬ, ಆಮೇಲೆ ಇನ್ನಿಬ್ಬರು. ವರ್ಲೀನ್ ಒಂದೊಂದೇ ಹೆಸರು ಹೇಳುತ್ತ ಬಂದಳು, ನೀರಿನಲ್ಲಿ ನಿಂತುಕೊಂಡೇ ಒಟಿಲಿ ಬೆರಳು ಮಡಿಚಿ ಎಣಿಸುತ್ತಿದ್ದಳು, ನೀರಿನಲ್ಲಿದ್ದ ತಾವು ಮೂವರೂ ಸೇರಿ ಇಪ್ಪತ್ತಮೂರು ಆಗುವವರೆಗೆ.